ಗುಂಡುತೋಪಿನ ರಾಜ್ಯಶಾಸ್ತ್ರ

ನನ್ನ ಪಿಎಚ್‌.ಡಿ. ವಿಷಯ ಏನೆಂದು ಹೇಳಿದಾಗ ಮೈಸೂರಿನ ನನ್ನ ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದಾಗ ಮಾತಿಗೆ ಮೊದಲು ಅವರು ಮಾಡುತ್ತಿದ್ದ ಕೆಲಸ ಅದು.

“ಮಳೆ, ಮರ, ಹವಾಮಾನ... ಇದರಲ್ಲಿ ರಾಜ್ಯಶಾಸ್ತ್ರ ಎಲ್ಲಿದೆಯಮ್ಮ? ಭೂಗೋಳದವರು ಪಕ್ಕದ ಕಟ್ಟಡದಲ್ಲಿದ್ದಾರೆ. ಅಲ್ಲಿಗೆ ಹೋಗು.”

“ಮರ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಯಾರು ಅನ್ನೋದು ನನ್ನ ಪ್ರಶ್ನೆ ಸರ್. ಅದು ಭೂಗೋಳದವರ ಪ್ರಶ್ನೆ ಅಲ್ಲ.”

“ಪಂಚಾಯಿತಿ ಚುನಾವಣೆಯಲ್ಲಿ ಯಾವ ಜಾತಿಯವರು ಯಾರಿಗೆ ಓಟು ಹಾಕಿದರು ಅಂತ ಮಾಡು. ಬೇಗ ಮುಗಿಯುತ್ತೆ. ಕೆಲಸವೂ ಸಿಗುತ್ತೆ.”

“ಬೇಡ ಸರ್,” ಎಂದೆ.

ಅವರ ಕೋಣೆಯಲ್ಲಿ ಯಾರೂ ‘ಬೇಡ’ ಎಂದು ಹೇಳಿದ್ದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಸಹಪಾಠಿಗಳು ಬಾಗಿಲಿನತ್ತ ನೋಡಿದ್ದು ನನಗೆ ಕಾಣುತ್ತಿತ್ತು. ಹದಿನೈದು ದಿನ ಪ್ರಾಧ್ಯಾಪಕರು ನನ್ನನ್ನು ಮಾತಾಡಿಸಲಿಲ್ಲ. ಆಮೇಲೊಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, “ನಿನ್ನಿಷ್ಟ. ನಾಳೆ ಕೆಲಸ ಸಿಗಲಿಲ್ಲ ಅಂತ ನನ್ನ ಮುಂದೆ ಬಂದು ಅಳಬೇಡ,” ಎಂದರು. ನಾನು ಅತ್ತಿಲ್ಲ. ಕೆಲಸ ಸಿಗದ ಮಾತು ಮಾತ್ರ ಬಹಳ ವರ್ಷ ಅವರು ಹೇಳಿದಂತೆಯೇ ಆಯಿತು.

ನನ್ನ ಊರು ಯಳಂದೂರಿನ ಹತ್ತಿರದ ಹೊನ್ನೂರು. ಎಂಬತ್ತರ ದಶಕದಲ್ಲಿ ಅಲ್ಲಿಂದ ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕೆಲವೇ ಹುಡುಗಿಯರಲ್ಲಿ ನಾನೊಬ್ಬಳು. ಸಂತೆಯ ದಿನ ಬಸ್ಸಿನ ತುಂಬ ರೇಷ್ಮೆಗೂಡಿನ ಚೀಲಗಳು, ಅದರ ವಾಸನೆ ಸಂಜೆಯವರೆಗೂ ಸೆರಗಿನಲ್ಲಿ ಉಳಿಯುತ್ತಿತ್ತು. ರಾಜ್ಯಶಾಸ್ತ್ರ ತೆಗೆದುಕೊಂಡಿದ್ದಕ್ಕೆ ಒಳ್ಳೆಯ ಕಾರಣವೇನೂ ಇರಲಿಲ್ಲ. ಆ ತರಗತಿಗಳು ಬೆಳಿಗ್ಗೆ ಇರುತ್ತಿದ್ದವು. ಮಧ್ಯಾಹ್ನದ ಬಸ್ಸಿಗೆ ವಾಪಸಾಗಿ ಅವ್ವನ ಜೊತೆ ಗದ್ದೆಗೆ ಹೋಗಬಹುದಿತ್ತು.

ಆ ವರ್ಷಗಳಲ್ಲೊಮ್ಮೆ ಮುಂಗಾರು ತಡವಾಯಿತು. ಒಟ್ಲಿನಲ್ಲಿ ಭತ್ತದ ಸಸಿ ಬೆಳೆದು ನಿಂತಿತ್ತು, ನಾಟಿಗೆ ನೀರಿಲ್ಲ. ಕೆರೆಯಲ್ಲಿ ಉಳಿದಿದ್ದ ನೀರನ್ನು ಭತ್ತಕ್ಕೆ ಬಿಡಬೇಕೋ ದನಕರುಗಳಿಗೆ ಇಟ್ಟುಕೊಳ್ಳಬೇಕೋ ಎಂದು ಊರ ಹಿರಿಯರು ಚಾವಡಿಯಲ್ಲಿ ಕೂತು ಮಾತಾಡಿದರು. ನಾವು ಹೆಂಗಸರೂ ಹುಡುಗರೂ ರಸ್ತೆಯಲ್ಲಿ ನಿಂತು ಕೇಳಿಸಿಕೊಂಡೆವು. ಮಾತು ಮುಗಿದು ಜನ ಚದುರಿದ ಮೇಲೆ ಅವ್ವ ನನ್ನ ತೋಳು ಹಿಡಿದು ಅಂದಳು: “ಅಲ್ಲಿ ಕುಂತವ್ರು ಇನ್ನೆಷ್ಟು ಮಳೆ ನೋಡಾರು ಕಣ್ಮಗ? ಮುಂದ್ಕ ನೋಡ್ಬೇಕಾದೋಳು ನೀನು. ನಿನ್ನ ಯಾರಾರ ಒಂದ್ ಮಾತು ಕೇಳುದ್ರಾ?”

ಅವ್ವ ಅದನ್ನು ದೊಡ್ಡ ಮಾತೆಂದು ಹೇಳಿರಲಿಲ್ಲ. ಹಿಂದಿನ ದಿನವಷ್ಟೇ ಅಪ್ಪನ ಜೊತೆ ಜಗಳವಾಗಿತ್ತು, ಆ ಸಿಟ್ಟಿನಲ್ಲಿ ಹೇಳಿದ್ದಳು. ನನಗೆ ಮಾತ್ರ ಅದು ಒಳಗೆ ಕೂತಿತು. ಮೈಸೂರಿನಲ್ಲಿ ಎಂ.ಎ. ಓದುವಾಗ ಸಂವಿಧಾನ, ಸಾರ್ವಭೌಮತ್ವ, ಮತದಾನ ಎಲ್ಲ ಓದಿದೆ. ಭೂಮಿಯ ಶಾಖ ಏರುತ್ತಿದೆ ಎಂಬ ಸುದ್ದಿಯೂ ಪತ್ರಿಕೆಗಳ ಮೂಲೆಯಲ್ಲಿ ಬರತೊಡಗಿತ್ತು. ಒಂದು ತೀರ್ಮಾನದ ಫಲವನ್ನು ಎಲ್ಲರಿಗಿಂತ ಹೆಚ್ಚು ಕಾಲ ಉಣ್ಣಬೇಕಾದವರು ಆ ತೀರ್ಮಾನವಾಗುವ ಕಡೆ ಇರುವುದೇ ಇಲ್ಲವಲ್ಲ, ಅದನ್ನು ಹೇಳುವ ಪುಸ್ತಕ ನನಗೆ ಸಿಗಲಿಲ್ಲ. ಸಿಗದಿದ್ದರೆ ನಾನೇ ಬರೆಯುತ್ತೇನೆ ಅಂದುಕೊಂಡೆ. ಈ ಹಠ ಅಪ್ಪನಿಂದ ಬಂದದ್ದು ಎಂದು ಅವ್ವ ಬೈಯುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾದೆ. ವಾರದ ಕೊನೆಗೆ ಸಂಶೋಧನೆ. ನಾನು ಆರಿಸಿಕೊಂಡದ್ದು ಹನೂರಿನಿಂದ ಹೂಗ್ಯಂ ಕಡೆಗೆ ಹೋಗುವಾಗ ಸಿಗುವ ಕಾಡಂಚಿನ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ಆಗ ಆ ಕಾಡಿನ ಸುದ್ದಿ ದೇಶಕ್ಕೆಲ್ಲ ಗೊತ್ತಿತ್ತು. ಪ್ರಶ್ನೆ ಕೇಳುತ್ತ ತಿರುಗುವ ಹೊಸಬರೆಂದರೆ ಪೊಲೀಸರ ಕಡೆಯವರು, ಇಲ್ಲವೇ ಪೊಲೀಸರು ಹುಡುಕುತ್ತಿದ್ದ ಕಾಡುಗಳ್ಳನ ಕಡೆಯವರು. ಮೂರನೆಯ ಬಗೆಯವರು ಇರಬಹುದೆಂದು ಯಾರೂ ನಂಬುತ್ತಿರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಬಸ್ ನಿಲ್ಲಿಸಿದ ಪೇದೆ ನನ್ನ ಚೀಲ ತಡಕಿ, “ರಾಜ್ಯಶಾಸ್ತ್ರ ಅಂದ್ರೆ ರಾಜಕೀಯನಾ? ಯಾವ ಪಾರ್ಟಿ ನಿಮ್ದು?” ಎಂದು ಕೇಳಿದ್ದ. ಯಾವ ಪಾರ್ಟಿಯೂ ಅಲ್ಲ ಎಂದರೆ ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಆ ಊರಿಗೆ ನನಗೆ ದಾರಿ ಮಾಡಿಕೊಟ್ಟವಳು ನನ್ನದೇ ತರಗತಿಯ ವಿದ್ಯಾರ್ಥಿನಿ. ಸೋಮವಾರದಿಂದ ಶುಕ್ರವಾರ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದಳು. ಕಪ್ಪಗೆ, ಎತ್ತರಕ್ಕೆ ಇದ್ದಳು. ತರಗತಿಯಲ್ಲಿ ಬಾಯಿಬಿಟ್ಟರೆ ಜಗಳದಂತೆ ಕೇಳಿಸುತ್ತಿತ್ತು. ಮನೆಯಲ್ಲಿ ಅವಳ ಅಜ್ಜಿ ತಮಿಳಿನಲ್ಲಿ ಮಾತಾಡಿದರೆ ಅವಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಅದರಿಂದ ತೊಂದರೆಯೇನೂ ಇರಲಿಲ್ಲ. ಮೊದಲ ದಿನ ನಾನು ಹವಾಮಾನದ ಬಗ್ಗೆ ತಿಳಿದುಕೊಳ್ಳಲು ಬಂದಿದ್ದೇನೆ ಎಂದಾಗ ಅವಳ ಅಪ್ಪ ನಕ್ಕರು.

“ರೇಡಿಯೋದಲ್ಲಿ ಏಳ್ತಾರಲ್ಲ ಮೇಡಮ್ಮಾರೆ, ಅದೇಯಾ? ಅದ್ನ ಕೇಳಕ್ಕ ಇಲ್ಗಂಟ ಬಂದ್ರಾ?”

ಊರ ಕೆರೆಯ ಏರಿಯ ಕೆಳಗೆ ಒಂದು ಗುಂಡುತೋಪಿತ್ತು. ಯಾರದೂ ಅಲ್ಲದ, ಎಲ್ಲರಿಗೂ ಸೇರಿದ ತೋಪು. ಹೆಚ್ಚಾಗಿ ಹುಣಸೆ, ನಡುನಡುವೆ ಹೊಂಗೆ, ಬೇವು. ಮಧ್ಯಾಹ್ನ ದನ ಮೇಯಿಸುವವರು, ಬಸ್ಸಿಗೆ ಕಾಯುವವರು, ಹತ್ತನೇ ತರಗತಿ ಫೇಲಾದವರು ಎಲ್ಲರೂ ಅಲ್ಲಿಯೇ ಸೇರುತ್ತಿದ್ದರು. ನನ್ನ ಸಂಶೋಧನೆಯ ಅರ್ಧ ನಡೆದದ್ದು ಆ ನೆರಳಿನಲ್ಲಿ. ಹುಡುಗರು ಮೊದಮೊದಲು ನನ್ನನ್ನು ಕಂಡರೆ ಎದ್ದುಹೋಗುತ್ತಿದ್ದರು. ಆಮೇಲೆ ಕೂತರು, ಮಾತಾಡಿದರು. ಮಳೆ ಬರುವ ತಿಂಗಳು ಸರಿದಿರುವುದು, ಆನೆಗಳು ಬೇಗ ಕೆಳಗಿಳಿಯುವುದು, ಅಕ್ಕಂದಿರು ನೀರಿಗೆ ಹೋಗುವ ದಾರಿ ಉದ್ದವಾಗಿರುವುದು. ಕೊನೆಗೆ ಪ್ರತಿಯೊಬ್ಬನೂ ಒಂದೇ ಮಾತಿಗೆ ಬರುತ್ತಿದ್ದ: “ನಮ್ಮ ಮಾತು ಯಾರ್ ಕೇಳ್ತಾರೆ ಮೇಡಂ?”

ಹೀಗಿರುವಾಗ ಆ ತೋಪನ್ನು ಕಡಿದು ನೀಲಗಿರಿ ನೆಡುತ್ತಾರೆ ಎಂಬ ಸುದ್ದಿ ಬಂತು. ನೀಲಗಿರಿ ಬೇಗ ಬೆಳೆಯುತ್ತದೆ, ಕಾಗದದ ಕಾರ್ಖಾನೆಯವರು ಕೊಳ್ಳುತ್ತಾರೆ, ಪಂಚಾಯಿತಿಗೆ ಆದಾಯ ಬರುತ್ತದೆ ಎಂದು ಅಧ್ಯಕ್ಷರು ಹೇಳಿಕೊಂಡು ಓಡಾಡುತ್ತಿದ್ದರು. ಗ್ರಾಮಸಭೆ ಎಂಬುದು ಆಗಿನ್ನೂ ಹೊಸತು. ಕಾನೂನಿನ ಪ್ರಕಾರ ಹದಿನೆಂಟು ತುಂಬಿದ ಯಾರು ಬೇಕಾದರೂ ಅದರಲ್ಲಿ ಕೂತು ಮಾತಾಡಬಹುದು. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ, ಪರೀಕ್ಷೆಗೆ ಬರುವ ಪ್ರಶ್ನೆಯಾಗಿ. ನನ್ನ ವಿದ್ಯಾರ್ಥಿನಿ ಅದನ್ನು ಬೇರೆಯೇ ರೀತಿಯಲ್ಲಿ ಕೇಳಿಸಿಕೊಂಡಿದ್ದಳು.

ಸಭೆಯ ದಿನ ಶಾಲೆಯ ಅಂಗಳಕ್ಕೆ ಅವಳು ಊರಿನ ಹುಡುಗಿಯರನ್ನೆಲ್ಲ ಕರೆದುಕೊಂಡು ಬಂದಳು. ಹುಡುಗರು ಹಿಂದೆ ಗೋಡೆಗೆ ಒರಗಿ ನಿಂತರು. ನಾನು ಒಂದು ಬದಿಯಲ್ಲಿ ಜಮಖಾನದ ತುದಿಗೆ ಕೂತೆ. ಅಧ್ಯಕ್ಷರು ಮೈಕಿಲ್ಲದಿದ್ದರೂ ಮೈಕಿನ ಮುಂದೆ ಮಾತಾಡುವವರಂತೆ ಮಾತಾಡಿದರು. ರಸ್ತೆ, ಬೀದಿದೀಪ, ಆಮೇಲೆ ತೋಪು.

“ತೋಪಿನ ವಿಚಾರ ತೀರ್ಮಾನ ಆಗೋಗದೆ. ಸುಮ್ನೆ ನಿಮ್ ಕಿವಿ ಮೇಲೆ ಆಕ್ತಾ ಇವ್ನಿ.”

ಅವಳು ಎದ್ದಳು. “ಯಾವ್ ಸಭೇಲಿ ಆಯ್ತು ಸಾ?”

“ಕೂತ್ಕ ಕಣವ್ವ.”

“ನಾನೂ ಈ ಸಭೆಯೋಳೆಯಾ. ಯಾವತ್ತು, ಯಾರ್ ಮುಂದ ಆಯ್ತು ಅಂತ ಕೇಳ್ತಾ ಇವ್ನಿ.”

ಜನರಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಬೈಯಲಿಲ್ಲ, ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. “ನೋಡವ್ವ, ಇವತ್ತೋ ನಾಳೆಯೋ ಮದ್ವೆ ಆಗಿ ಬ್ಯಾರೆ ಊರ್ಗ ಓಗೋ ಎಣ್ಮಗ ನೀನು. ಈ ಊರ ತೋಪಿನ ಉಸಾಬರಿ ನಿಂಗ್ಯಾಕ?”

“ನಾನು ಓಯ್ತೀನಿ ಸಾ. ಇನ್ನೊಬ್ಳು ಸೊಸೆಯಾಗಿ ಇಲ್ಗೇ ಬತ್ತಾಳಲ್ಲ, ಅವ್ಳಿಗೆ ನೆಳ್ಳು ಬ್ಯಾಡ್ವಾ?”

ಹಿಂದಿನಿಂದ ಒಬ್ಬ ಮುದುಕಿ, “ಸರ್ಯಾಗ್ ಕೇಳ್ದೆ ಕಣವ್ವ!” ಎಂದು ಕೂಗಿದಳು. ಆ ಮುದುಕಿಯೂ ಒಂದು ಕಾಲದಲ್ಲಿ ಎಲ್ಲಿಂದಲೋ ಸೊಸೆಯಾಗಿ ಬಂದವಳೇ. ಗೋಡೆಗೆ ಒರಗಿದ್ದ ಹುಡುಗರು ಮುಂದೆ ಬಂದು ಜಮಖಾನದ ಮೇಲೆ ಕೂತರು. ತೀರ್ಮಾನ ಬರೆಯುವುದಾದರೆ ನಮ್ಮ ವಿರೋಧವನ್ನೂ ಬರೆಯಿರಿ, ಬರೆಯುವವರೆಗೆ ಏಳುವುದಿಲ್ಲ ಎಂದರು. ಅಧ್ಯಕ್ಷರ ಕಣ್ಣು ಸುತ್ತ ತಿರುಗಿ ನನ್ನ ಮೇಲೆ ನಿಂತಿತು.

“ಇವೆಲ್ಲ ಈ ಕೊಳ್ಳೇಗಾಲದ ಮೇಡಂ ತಲೆಗೆ ತುಂಬಿರೋದು. ಏನ್ರಮ್ಮ, ಇದೇಯಾ ನಿಮ್ಮ ರಿಸರ್ಚು?”

“ಹೌದು,” ಎಂದೆ, “ಇದೇ.”

ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಚಿಕ್ಕ, ಇಷ್ಟು ನಿಖರವಾದ ಉತ್ತರ ನಾನು ಮತ್ತೆ ಕೊಟ್ಟಿಲ್ಲ.

ಸುದ್ದಿ ನನಗಿಂತ ಮೊದಲು ಕೊಳ್ಳೇಗಾಲ ಮುಟ್ಟಿತ್ತು. ಕಾಲೇಜಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಕರೆಸಿ, ಕಾಫಿ ತರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು: ಆ ಅಧ್ಯಕ್ಷರು ತಮಗೆ ಬೇಕಾದವರು, ಮಕ್ಕಳನ್ನು ಕೆರಳಿಸುವುದು ಮೇಷ್ಟ್ರ ಕೆಲಸವಲ್ಲ, ಆ ಊರಿನ ಕಡೆ ಹೋಗುವುದು ಬಿಟ್ಟರೆ ಮುಂದಿನ ವರ್ಷವೂ ಕೆಲಸ ಇರುತ್ತದೆ. ನಾನು ಕಾಫಿ ಕುಡಿದೆ. ಚೆನ್ನಾಗಿತ್ತು. “ಈ ಶನಿವಾರವೂ ಹೋಗ್ತೀನಿ ಸರ್,” ಎಂದು ಹೇಳಿ ಎದ್ದು ಬಂದೆ. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ.

ಮೈಸೂರಿನಲ್ಲಿ ಪ್ರಾಧ್ಯಾಪಕರು ಕನ್ನಡಕ ಮತ್ತೆ ಮೇಜಿನ ಮೇಲಿಟ್ಟರು. “ನೀನು ಸಂಶೋಧಕಿಯೋ ಹೋರಾಟಗಾರ್ತಿಯೋ? ನೋಡುವವಳು ನೋಡಬೇಕು, ಅಷ್ಟೇ.”

“ನೋಡ್ತಾನೇ ಇದ್ದೆ ಸರ್. ಜಮಖಾನದ ಮೇಲೆ ಕೂತು ನೋಡ್ದೆ. ಅಧ್ಯಕ್ಷರ ಪಕ್ಕ ಕುರ್ಚಿ ಹಾಕಿದ್ರು, ಅಲ್ಲಿ ಕೂತು ನೋಡಿದ್ರೆ ನಿಷ್ಪಕ್ಷಪಾತ ಆಗ್ತಿತ್ತಾ?”

ಅವರು ಕನ್ನಡಕ ಹಾಕಿಕೊಂಡು, ಹೋಗು ಎಂದು ಕೈಬೀಸಿದರು. ಆದರೆ ನನ್ನ ಮಾರ್ಗದರ್ಶಕರಾಗಿ ಉಳಿದರು. ಸಿಡುಕಿನ ಮನುಷ್ಯ, ಕೈಬಿಡುವ ಮನುಷ್ಯನಲ್ಲ.

ತೋಪು ಪೂರ್ತಿ ಉಳಿಯಿತು ಎಂದು ಬರೆಯಲು ನನಗೂ ಆಸೆ. ಒಂದು ಬೆಳಿಗ್ಗೆ, ಹುಡುಗರೆಲ್ಲ ಕೂಲಿಗೆ ಹೋಗಿದ್ದಾಗ, ಕೆರೆಯ ಬದಿಗಿದ್ದ ಭಾಗವನ್ನು ಕಡಿದೇಬಿಟ್ಟರು. ಗರಗಸದ ಸದ್ದು ಕೇಳಿ ಹೆಂಗಸರು ಓಡಿಬಂದು ಉಳಿದ ಮರಗಳ ಕೆಳಗೆ ಕೂತರು. ಮಧ್ಯಾಹ್ನದ ಹೊತ್ತಿಗೆ ಹುಡುಗರೂ ಬಂದರು. ದಿನಗಟ್ಟಲೆ ಅಲ್ಲೇ ಅಡಿಗೆ, ಅಲ್ಲೇ ಊಟ. ಕಡಿಯಲು ಬಂದ ಆಳುಗಳಿಗೂ ಹುಡುಗಿಯರು ಮುದ್ದೆ ಬಡಿಸಿದರು. ಉಂಡವರು ಮತ್ತೆ ಕೊಡಲಿ ಎತ್ತಲು ನಾಚಿಕೊಂಡರು. ಅರ್ಧ ತೋಪು ಉಳಿಯಿತು. ಇನ್ನರ್ಧದಲ್ಲಿ ನೀಲಗಿರಿ ಬಂತು. ಆ ಮರಗಳ ಕೆಳಗೆ ಯಾರೂ ಕೂರುವುದಿಲ್ಲ, ಕೂರುವಂಥ ನೆರಳೂ ಅದಕ್ಕಿಲ್ಲ.

ಪ್ರಬಂಧ ಮುಗಿಯಿತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಪುಟ ಮಗುಚುತ್ತ ಕೇಳಿದರು: “ಇಷ್ಟೆಲ್ಲ ಮಾಡಿ ಅರ್ಧ ತೋಪು ಉಳಿಸಿದಿರಿ. ಇಡೀ ಭೂಮಿಯ ಹವಾಮಾನಕ್ಕೆ ಇದರಿಂದ ಏನಾಗುತ್ತೆ?” ನಾನು ಬಾಯಿ ತೆರೆಯುವ ಮೊದಲೇ ನನ್ನ ಪ್ರಾಧ್ಯಾಪಕರು, “ಅದು ಭೂಗೋಳದವರ ಪ್ರಶ್ನೆ. ರಾಜ್ಯಶಾಸ್ತ್ರದ ಪ್ರಶ್ನೆ ಕೇಳಿ,” ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಕನ್ನಡಕ ಒರೆಸುವ ನೆಪದಲ್ಲಿ ಮುಖ ತಗ್ಗಿಸಿಕೊಂಡರು.

ಡಾಕ್ಟರೇಟ್ ಬಂತು, ಕೆಲಸ ಬರಲಿಲ್ಲ. ಸಂದರ್ಶನಗಳಲ್ಲಿ ಕೇಳುತ್ತಿದ್ದರು: “ಪರಿಸರದ ಮೇಲೆ ಮಾಡಿದ್ದೀರಿ. ರಾಜ್ಯಶಾಸ್ತ್ರ ಹೇಗೆ ಪಾಠ ಮಾಡ್ತೀರಿ?” ಯಳಂದೂರಿನಲ್ಲಿ ಒಂದು ವರ್ಷ, ಕೊಳ್ಳೇಗಾಲದ ಬೇರೊಂದು ಕಾಲೇಜಿನಲ್ಲಿ ಎರಡು ವರ್ಷ, ಹೀಗೆ ಗಂಟೆಗಳ ಲೆಕ್ಕದಲ್ಲಿ ಪಾಠ ಮಾಡಿದೆ. ವಿಷಯ ಬದಲಿಸು ಎಂದು ಸ್ನೇಹಿತರು ಹೇಳಿದರು. ನಾನು ಇನ್ನೂ ಎರಡು ಊರು ಸೇರಿಸಿಕೊಂಡೆ. ಅದರಲ್ಲೊಂದು ಗೋಪಿನಾಥಂ ಕಡೆಯದು. ಬೆಳಿಗ್ಗೆಯ ಬಸ್ ತಪ್ಪಿದರೆ ಆ ದಿನ ಮುಗಿದಂತೆ. ನನ್ನ ಹಳೆಯ ವಿದ್ಯಾರ್ಥಿನಿ ಆ ಹೊತ್ತಿಗೆ ಬಿ.ಇಡಿ. ಮುಗಿಸಿ ಹನೂರಿನ ಬಳಿ ಮೇಡಂ ಆಗಿದ್ದಳು. ರಜೆಯಲ್ಲಿ ನನ್ನ ಜೊತೆ ಬರುತ್ತಿದ್ದಳು. ಅವಳ ಗಂಟಲು ಏನೂ ಇಳಿದಿರಲಿಲ್ಲ.

ಎರಡು ಸಾವಿರನೇ ಇಸವಿಯ ಈಚೆ ಮಳೆ ಸತತವಾಗಿ ಕೈಕೊಟ್ಟಿತು. ಇದ್ದಕ್ಕಿದ್ದಂತೆ ನನ್ನ ವಿಷಯ ಎಲ್ಲರಿಗೂ ಬೇಕಾಯಿತು. ವಿಚಾರ ಸಂಕಿರಣಗಳು, ಬ್ಯಾನರುಗಳು, ‘ಯುವಜನರಲ್ಲಿ ಪರಿಸರ ಜಾಗೃತಿ’. ಬಾಗಿಲು ತೋರಿಸಿದವರೇ ಹೂಗುಚ್ಛ ಹಿಡಿದು ನಿಂತರು. ಸರ್ಕಾರಿ ಕಾಲೇಜಿನಲ್ಲಿ ನನಗೆ ಕಾಯಂ ಕೆಲಸವೂ ಆಯಿತು. ಎರಡು ಸಾವಿರದ ನಾಲ್ಕರಲ್ಲಿ ಮೈಸೂರಿನ ಅಂಥದ್ದೇ ಒಂದು ಸಂಕಿರಣಕ್ಕೆ ಕರೆದರು. ಹುಡುಗರಲ್ಲಿ ಅರಿವು ಮೂಡಿಸುವುದು ಹೇಗೆಂದು ಹೇಳಬೇಕಿತ್ತು.

“ಅರಿವು ಅವರಿಗೆ ಬೇಕಾದಷ್ಟಿದೆ,” ಎಂದು ಶುರು ಮಾಡಿದೆ. “ಇಲ್ಲದೇ ಇರೋದು ಜಾಗ. ಮೊದಲ ಸಾಲಿನಲ್ಲಿ ಕೂತಿರುವ ನೀವೆಲ್ಲ ಎದ್ದರೆ ಜಾಗ ಆಗುತ್ತೆ.”

ಸಭಾಂಗಣದ ಹಿಂದೆ ನಿಂತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಮೊದಲ ಸಾಲಿನವರು ಹೊಡೆಯಲಿಲ್ಲ. ಗೋಷ್ಠಿಯ ಅಧ್ಯಕ್ಷರು ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು; ಮುಗಿದಿರಲಿಲ್ಲ, ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಅವರು ಮತ್ತೆ ಬಾರಿಸಿದರು. ನಾನು ನೀರು ಕುಡಿದು ಪುಟ ತಿರುಗಿಸಿದೆ, ಮುಂದಕ್ಕೆ ಓದಿದೆ.