ಹದಿನೇಳನೇ ಜಾಗ ಖಾಲಿಯಾದದ್ದು

ಪೈನ್ ಕೋರ್ಟ್ ಎಂಬ ಗಾಲಿಮನೆಗಳ ಪಾರ್ಕಿನಲ್ಲಿ ನಾನು ಮ್ಯಾನೇಜರ್ ಆಗಿದ್ದ ಹತ್ತೊಂಬತ್ತು ವರ್ಷಗಳಲ್ಲಿ ಬಿಟ್ಟು ಹೋದವರು ಬಹಳ ಜನ, ಹೇಳಿ ಹೋದವರು ಕಡಿಮೆ. ಮನೆ ಅವರವರದು, ನೆಲ ಮಾತ್ರ ಪಾರ್ಕಿನ ಬಾಡಿಗೆಯದು; ಬಿಡುವುದಾದರೆ ಅರವತ್ತು ದಿನ ಮುಂಚೆ ಬರೆದು ಕೊಡಬೇಕು ಅಂತ ಕರಾರಿನಲ್ಲಿದೆ. ಎಲ್ಲರೂ ಅದಕ್ಕೆ ಸಹಿ ಹಾಕಿಯೇ ಒಳಗೆ ಬಂದವರು. ಆದರೂ ಒಬ್ಬ ಕ್ಯಾಲೆಂಡರಿನ ಹಾಳೆಯ ಹಿಂದೆ ಗೀಚಿ ಆಫೀಸಿನ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ. ಇನ್ನೊಬ್ಬಳು ಬೇರೆ ಊರು ಸೇರಿದ ಮೇಲೆ ಫೋನಿನಲ್ಲಿ ಅತ್ತಿದ್ದಳು. ಉಳಿದವರ ಮನೆಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ಕಿಟಕಿಗೆ ಪರದೆ ಇರುತ್ತಿರಲಿಲ್ಲ, ಅಷ್ಟೇ.

ಎಲ್ಡನ್ ಸ್ಕೋಗ್ ಲಕೋಟೆ ಹಿಡಿದುಕೊಂಡು ಬಂದ. ಏಪ್ರಿಲ್ ಎರಡನೇ ತಾರೀಕು, ಹಿಮ ಕರಗಿ ಪಾರ್ಕಿನ ರಸ್ತೆಯೆಲ್ಲ ರಾಡಿಯಾಗಿತ್ತು. ಬೂಟು ಹೊರಗೇ ಬಿಚ್ಚಿ, ಕಾಲುಚೀಲದಲ್ಲಿ ನನ್ನ ಮೇಜಿನ ಮುಂದೆ ನಿಂತ. ಆಗ ಅವನಿಗೆ ಎಪ್ಪತ್ತೆರಡು. ಇಪ್ಪತ್ತೆಂಟು ವರ್ಷ ಆತ ಲಾರಿಗೆ ಕಟ್ಟಿ ಎಳೆದದ್ದು ಮನೆಗಳನ್ನೇ. ಮಿನೆಸೋಟಾದ ಈ ಮೂಲೆಯಲ್ಲಿ ಯಾರ ಗಾಲಿಮನೆ ಎಲ್ಲಿಗೆ ಹೋಗಬೇಕಿದ್ದರೂ ಎಲ್ಡನ್‌ನನ್ನೇ ಕರೆಯುತ್ತಿದ್ದರು. ನಮ್ಮ ಪಾರ್ಕಿನ ಅರ್ಧ ಮನೆಗಳನ್ನು ಸಿಮೆಂಟ್ ಬ್ಲಾಕುಗಳ ಮೇಲೆ ಮಟ್ಟ ನೋಡಿ ಕೂರಿಸಿದವನು ಅವನೇ. ಕೊನೆಗೆ ತನ್ನದನ್ನೂ ತಂದು ಹದಿನೇಳನೇ ಜಾಗದಲ್ಲಿ ನಿಲ್ಲಿಸಿದ. ಹೆಂಡತಿ ಐನೆಜ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

"ಲೊರೇನ್‌ಗೆ ಕಣ್ಣು ಪೂರ್ತಿ ಹೋಯ್ತು," ಅಂದ. ಲೊರೇನ್ ಅವನ ಅಕ್ಕ, ಐವತ್ತು ಮೈಲಿ ಉತ್ತರಕ್ಕೆ ಒಬ್ಬಳೇ ಇದ್ದಳು. "ಅವಳು ಅಲ್ಲಿಂದ ಕದಲಲ್ಲ. ಅದಕ್ಕೇ ನನ್ನ ಮನೆ ತಗೊಂಡೋಗಿ ಅವಳ ಮನೆ ಪಕ್ಕದಲ್ಲೇ ನಿಲ್ಲಿಸ್ತೀನಿ."

ಕಾಗದ ಓದಿದೆ. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ.

"ನೋಟಿಸು ಒಂದನೇ ತಾರೀಕಿಂದ ಲೆಕ್ಕ, ಎಲ್ಡನ್. ಒಂದು ದಿನ ತಡ ಮಾಡಿದೀಯ. ಇರಲಿ ಬಿಡು, ನಾನು ನಿನ್ನೆ ತಾರೀಕು ಹಾಕ್ಕೋತೀನಿ. ಯಾರು ಕೇಳ್ತಾರೆ?"

"ಇವತ್ತು ಬಂದಿದೀನಿ. ಇವತ್ತಿಂದೇ ಹಾಕು."

"ಹಾಗಾದ್ರೆ ಮೇ ಒಂದರಿಂದ ಶುರು. ಜೂನ್ ಕೊನೆವರೆಗೂ ಇರಬೇಕಾಗತ್ತೆ ಮಾರಾಯ."

"ಇರ್ತೀನಿ."

ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಾ ಏನೋ ಹೇಳಲು ಹೊರಟವನು ಸುಮ್ಮನಾದ. ಏನದು ಅಂತ ನಾನೂ ಕೇಳಲಿಲ್ಲ.

ತಪ್ಪು ನಡೆದದ್ದು ನನ್ನಿಂದ. ಮೂರು ದಿನ ಬಿಟ್ಟು ಅಂಚೆಪೆಟ್ಟಿಗೆಗಳ ಹತ್ತಿರ ಆರ್ಡಿಸ್ ಸಿಕ್ಕಳು. ಹದಿನೆಂಟನೇ ಜಾಗದವಳು, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಅವಳ ಗಂಡನೂ ಹೋದ ಮೇಲೆ, ಪ್ರತಿ ಶುಕ್ರವಾರ ಸಂಜೆ ಎಲ್ಡನ್ ಊಟ ಅವಳ ಮನೆಯಲ್ಲೇ. ಅವಳು ಅಡುಗೆ ಮಾಡುವುದು, ಅವನು ಪಾತ್ರೆ ತೊಳೆಯುವುದು. ಆರು ವರ್ಷ ಹೀಗೇ ನಡೆದಿತ್ತು. ಅದಕ್ಕೊಂದು ಹೆಸರಿಡಲು ಅವರಿಬ್ಬರೂ ಹೋಗಲಿಲ್ಲ, ನಾವೂ ಹೋಗಲಿಲ್ಲ.

"ಜುಲೈಯಿಂದ ನಿನ್ನ ಪಾತ್ರೆ ಯಾರು ತೊಳೀತಾರೆ ಆರ್ಡಿಸ್?" ಅಂತ ನಾನು ನಗುತ್ತಾ ಕೇಳಿಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿಲ್ಲ ಅನ್ನುವುದು ಆ ಕ್ಷಣದಲ್ಲೇ ನನಗೆ ತಿಳಿಯಿತು. ನುಂಗಿಕೊಳ್ಳೋಣ ಅಂದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. ಎಲ್ಲ ಹೇಳಬೇಕಾಯಿತು. ಕೇಳಿಸಿಕೊಂಡು, ಕೈಯಲ್ಲಿದ್ದ ಪತ್ರಗಳನ್ನು ಎರಡೆರಡು ಸಲ ಜೋಡಿಸಿಕೊಂಡು ಹೋದಳು.

ಆ ಶುಕ್ರವಾರ ಎಲ್ಡನ್ ಎಂದಿನಂತೆ ತಲೆ ಬಾಚಿ ಹೋಗಿ ಬಾಗಿಲು ತಟ್ಟಿದ. ನಾನು ಎದುರು ಸಾಲಿನಲ್ಲಿ ಕಸದ ಡಬ್ಬಿ ಸರಿಸುತ್ತಿದ್ದೆ. ಆರ್ಡಿಸ್ ಜಾಲರಿ ಬಾಗಿಲು ತೆಗೆಯಲೇ ಇಲ್ಲ. ಒಳಗೆ ನಿಂತೇ ಕೇಳಿದಳು:

"ಆಫೀಸಿಗೆ ಅರವತ್ತು ದಿನ ಮುಂಚೆ ಹೇಳ್ದೆ. ನನಗೆ ಎಷ್ಟು ದಿನ ಮುಂಚೆ ಹೇಳೋಣ ಅಂತಿದ್ದೆ? ಲಾರಿ ಹೊರಡೋ ಹೊತ್ತಿಗಾ?"

ಎಲ್ಡನ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳಬಾಗಿಲೂ ಮುಚ್ಚಿತು. ಆತ ಟೋಪಿ ಹಾಕಿಕೊಂಡು ಮನೆಗೆ ಹೋದ.

ಮೇ ತಿಂಗಳಲ್ಲಿ ನೆಲ ಒಣಗಿತು. ಮನೆಯನ್ನು ರಸ್ತೆಗೆ ಸಜ್ಜು ಮಾಡಬೇಕಲ್ಲ, ಎಲ್ಡನ್ ಅದರ ಅಡಿ ಮುಚ್ಚಿದ್ದ ತಗಡು ಬಿಚ್ಚಿ, ಬೆನ್ನ ಮೇಲೆ ತೆವಳಿಕೊಂಡು ಒಳಗೆ ಹೋದ. ಸುತ್ತಿಗೆಯಿಂದ ಕಬ್ಬಿಣದ ಚೌಕಟ್ಟನ್ನು ಉದ್ದಕ್ಕೂ ತಟ್ಟುತ್ತಾ ಹೋಗುವ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಎಷ್ಟು ಹೊತ್ತಾದರೂ ಆತ ಹೊರಗೆ ಬಾರದ್ದು ನೋಡಿ ನಾನು ಬಗ್ಗಿ ಕೂಗಿದೆ.

ಹೊರಗೆ ಬಂದು ಹುಲ್ಲಿನ ಮೇಲೆ ಕೂತ. ಅಂಗಿಯ ಮೇಲೆಲ್ಲ ತುಕ್ಕಿನ ಪುಡಿ.

"ಸುತ್ತಿಗೆ ಒಳಕ್ಕೇ ಹೋಯ್ತು, ಟ್ರೂಡಿ. ಮೂರು ಕಡೆ. ಇದು ರಸ್ತೆಗೆ ಆಗಲ್ಲ."

ಇದೇ ಮಾತನ್ನು ಆತ ಎಷ್ಟೋ ಜನರ ಅಂಗಳದಲ್ಲಿ ನಿಂತು ಹೇಳಿದ್ದ. ಬೇಡಿಕೊಂಡವರಿದ್ದರು, ಬೈದವರಿದ್ದರು. ಇವತ್ತು ತನಗೆ ತಾನೇ ಹೇಳಿಕೊಳ್ಳಬೇಕಾಗಿತ್ತು.

"ನೋಟಿಸು ವಾಪಸ್ ತಗೋ," ಅಂದೆ. ನನಗೂ ಅದೇ ಬೇಕಿತ್ತು ಅಂತ ಕಾಣುತ್ತದೆ. "ಇನ್ನೂ ಟೈಮಿದೆ. ನಾನೇ ಹರಿದು ಹಾಕ್ತೀನಿ."

"ಲೊರೇನ್ ಒಲೆ ಹಚ್ಚೋಕೆ ಗುಂಡಿ ತಡಕಾಡ್ತಾಳೆ. ಹೋದ ವಾರ ತೋಳು ಸುಟ್ಕೊಂಡ್ಲು. ಅವಳ ಮಹಡಿ ಮೇಲೆ ಒಂದು ರೂಮಿದೆ, ಸಾಕು."

"ಹಾಗಾದ್ರೆ ಕೀಲಿ ನನ್ನ ಕೈಗೆ ಕೊಟ್ಟು ಹೋಗು. ಎಲ್ರೂ ಹಾಗೇ ಮಾಡೋದು. ಪಾರ್ಕಿನ ಕಂಪನಿಯೋರು ಮಶೀನ್ ತಂದು ಒಂದೇ ದಿನಕ್ಕೆ ಪುಡಿ ಮಾಡಿ ಎತ್ಕೊಂಡೋಗ್ತಾರೆ."

ಅಷ್ಟು ಹಳೆಯ ಮನೆಯನ್ನು ನಿಂತಲ್ಲೇ ಮಾರುವಂತಿರಲಿಲ್ಲ, ಪಾರ್ಕಿನ ನಿಯಮ ಹಾಗಿತ್ತು. ಎಲ್ಡನ್ ಮನೆಯ ಕಡೆ ತಿರುಗಿ ನೋಡಿದ.

"ಐನೆಜ್ ಸತ್ತದ್ದು ಆ ಮುಂದಿನ ರೂಮಲ್ಲಿ. ಮಶೀನ್ ಬೇಡ. ಜಾಗ ಖಾಲಿ ಮಾಡಿ ಕೊಡ್ತೀನಿ ಅಂತ ಬರ್ಕೊಟ್ಟಿದೀನಿ, ಮಾಡ್ತೀನಿ."

ಮಾರನೇ ದಿನದಿಂದ ಆತ ತನ್ನ ಮನೆಯನ್ನು ತಾನೇ ಬಿಚ್ಚತೊಡಗಿದ. ಮೊದಲು ಹಿಂದಿನ ಕೋಣೆ. ಗೋಡೆಯ ಹಲಗೆ, ಅದರ ಹಿಂದೆ ಚಳಿ ತಡೆಯಲು ತುಂಬಿದ್ದ ಹಳದಿ ಹತ್ತಿಯಂಥದ್ದು, ತಂತಿ, ಪೈಪು, ಎಲ್ಲ ಬೇರೆ ಬೇರೆ ರಾಶಿ. ಒಂದೊಂದು ಮೊಳೆಯನ್ನೂ ಕಿತ್ತು ಡಬ್ಬಿಗೆ ಹಾಕುತ್ತಿದ್ದ. ಒಂದು ಕಡೆಯಿಂದ ಮನೆ ಸವೆಯುತ್ತಾ ಬಂತು, ಆತ ಇನ್ನೊಂದು ಕಡೆಗೆ ಹಾಸಿಗೆ ಸರಿಸಿಕೊಳ್ಳುತ್ತಾ ಹೋದ. ತೆರೆದ ಬದಿಗೆ ನೀಲಿ ಟಾರ್ಪಾಲು ಕಟ್ಟಿದ್ದ. ಸಹಾಯಕ್ಕೆ ಬಂದವರಿಗೆಲ್ಲ "ಬೇಡ, ಥ್ಯಾಂಕ್ಸ್" ಅಂದು ಕಳಿಸಿದ. ಆರ್ಡಿಸ್‌ಳ ಕಿಟಕಿ ಆ ಬದಿಗೇ ಇತ್ತು. ಮೂರು ವಾರ ಅವಳು ಹೊರಗೆ ಬರಲಿಲ್ಲ.

ಜೂನ್ ಎರಡನೇ ವಾರ ಛಾವಣಿಯ ತಗಡು ಇಳಿಸುವಾಗ ಗಾಳಿ ಬೀಸಿತು. ಹಾಳೆ ಅವನ ಕೈಯಲ್ಲಿ ಒದ್ದಾಡಿತು. ಒಬ್ಬನಿಂದ ಆಗುವಂಥದ್ದಲ್ಲ. ಆರ್ಡಿಸ್ ಗಂಡನ ಹಳೆಯ ಚರ್ಮದ ಕೈಗವಸು ಹಾಕಿಕೊಂಡು ಬಂದು ಇನ್ನೊಂದು ತುದಿ ಹಿಡಿದಳು.

"ಇಳಿಸು. ನಿಧಾನ. ಕತ್ತು ಕೊಯ್ಕೋಬೇಡ."

ಹಾಳೆ ಕೆಳಗಿಟ್ಟ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕಾಫಿ ತಂದಿದ್ದ ನಾನೂ ಪಕ್ಕದಲ್ಲಿದ್ದೆ. ಎಲ್ಡನ್ ಕಪ್ಪು ಹಿಡಿದುಕೊಂಡು ನೆಲ ನೋಡುತ್ತಾ ಹೇಳಿದ:

"ನೋಟಿಸು ಕೊಡೋಕೂ ಮುಂಚೆ ಮೂರು ಶುಕ್ರವಾರ ಹೇಳ್ಬೇಕು ಅಂತಾನೇ ಬಂದೆ. ಪಾತ್ರೆ ತೊಳ್ದು ವಾಪಸ್ ಹೋದೆ. ಆಫೀಸಿಗಾದ್ರೆ ಏನು ಬರೀಬೇಕು ಅಂತ ಕರಾರಲ್ಲೇ ಇತ್ತು."

ಆರ್ಡಿಸ್ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ದಡ್ಡ," ಅಂದಳು. "ನೀನು ಬಾಯಿ ಬಿಟ್ಟಿದ್ರೆ ಸಾಕಿತ್ತು. ನಾನು ಅಳ್ತಿದ್ದೆ, ಅಷ್ಟೇ ತಾನೆ?"

ಅಡುಗೆಕೋಣೆಯೂ ಹೋದ ಮೇಲೆ ಕೊನೆಯ ಹತ್ತು ದಿನ ಆತ ಮಲಗಿದ್ದು ಆರ್ಡಿಸ್‌ಳ ಸೋಫಾ ಮೇಲೆ. ಹಗಲೆಲ್ಲ ಇಬ್ಬರೂ ಕೂಡಿಯೇ ಕೆಲಸ ಮಾಡಿದರು. ಐನೆಜ್ ಮಲಗುತ್ತಿದ್ದ ಕೋಣೆಯ ಹಲಗೆಗಳನ್ನು ಮಾತ್ರ ಆತ ಒಬ್ಬನೇ ಬಿಚ್ಚಿದ. ಆ ದಿನ ಅವಳು ದೂರವೇ ಇದ್ದಳು.

ಜೂನ್ ಮೂವತ್ತಕ್ಕೆ ಹದಿನೇಳನೇ ಜಾಗದಲ್ಲಿ ಹುಲ್ಲು ಬೆಳೆಯದ ಒಂದು ಉದ್ದನೆಯ ಆಯತ ಉಳಿದಿತ್ತು. ಚೌಕಟ್ಟನ್ನೂ ರಾಶಿಗಳನ್ನೂ ಸಾಗಿಸಿ, ಬ್ಲಾಕುಗಳನ್ನು ಮೂಲೆಯಲ್ಲಿ ಜೋಡಿಸಿ, ನೀರಿನ ಪೈಪಿಗೆ ಮುಚ್ಚಳ ಬಿಗಿದು, ನೆಲಕ್ಕೆ ಕುಂಟೆ ಎಳೆದಿದ್ದ. ನಾವಿಬ್ಬರೂ ನಾಲ್ಕು ಮೂಲೆ ನಡೆದು ನೋಡಿದೆವು. ನಾನು ಸಹಿ ಹಾಕಿದೆ. ಆರ್ಡಿಸ್ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಹಾಟ್‌ಡಿಶ್ ತುಂಬಿದ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಲಾರಿಯ ಸೀಟಿನ ಮೇಲಿಟ್ಟಳು. ಕೈ ಬೀಸಲಿಲ್ಲ. ಲಾರಿ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದಳು.

ಎಲ್ಡನ್ ಅಕ್ಕನ ಮನೆಯಲ್ಲಿ ನಾಲ್ಕು ಚಳಿಗಾಲ ಕಳೆದ. ಹಿಮವಿಲ್ಲದೆ ರಸ್ತೆ ತೆರೆದಿದ್ದಾಗ ಆರ್ಡಿಸ್ ತಿಂಗಳಿಗೊಮ್ಮೆ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದಳು. ಐದನೇ ವರ್ಷ ಸೌದೆ ಒಡೆಯುತ್ತಿದ್ದ ಹಾಗೇ ಅವನ ಎದೆಬಡಿತ ನಿಂತಿತು. ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ ಇಟ್ಟಿದ್ದರು. ಲೊರೇನ್ ಮೇಜಿನ ತುದಿಯಲ್ಲಿ ನೆಟ್ಟಗೆ ಕೂತು, ಬಂದವರ ಕೈ ಮುಟ್ಟಿ ಹೆಸರು ಕೇಳುತ್ತಿದ್ದಳು. ಆರ್ಡಿಸ್ ಕೈ ಚಾಚಿದಳು.

"ಯಾರಮ್ಮ ಇದು?"

"ಆರ್ಡಿಸ್."

"ಕೂತ್ಕೋ," ಅಂದಳು ಲೊರೇನ್, ಪಕ್ಕದ ಕುರ್ಚಿಯನ್ನು ತಡವಿ ಎಳೆಯುತ್ತಾ. ಜನವೆಲ್ಲ ಎದ್ದು, ಮೇಜು ಒರೆಸಿ, ಕುರ್ಚಿ ಮಡಚಿಡುವವರೆಗೂ ಆರ್ಡಿಸ್‌ಳ ಕೈ ಬಿಡಲಿಲ್ಲ.