ಆಕ್ಸಿಲರೇಟರ್ ಕೆಳಗಿನ ಮರದ ತುಂಡು

ಬಾಷಾ ಭಾಯ್ ಇನ್ನಿಲ್ಲವಂತೆ...
ಸುಳ್ಳಿರಬೇಕು ಅಂದುಕೊಂಡು ಅವರ ನಂಬರಿಗೇ ಫೋನ್ ಮಾಡಿಬಿಟ್ಟೆ.
ಎತ್ತಿದ್ದು ಮಗ ಇಮ್ರಾನ್. ಅಳುತ್ತಿದ್ದ.

ಚಿಂತಾಮಣಿಯ ಗೆಳೆಯರಿಗೆಲ್ಲ ಗೊತ್ತು... ಡೀಸೆಲ್ ಗಾಡಿ ಕೆಟ್ಟರೆ ಬಾಷಾ ಭಾಯ್ ಶೆಡ್ಡು.
ಬೆಳಗ್ಗೆಯಿಂದ ಗ್ರೂಪಿನಲ್ಲಿ ಎಲ್ಲರೂ ಬರೆಯುತ್ತಿದ್ದೀರಿ.
ಅದರಲ್ಲಿ ಒಂದು ಕಾಮೆಂಟ್: "ಒಳ್ಳೆ ಮೆಕ್ಯಾನಿಕ್. ಪಾಪ, ಆ ಬ್ರೇಕ್ ಕೇಸ್ ಒಂದು ಆಗಬಾರದಿತ್ತು."
ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ...
ಆ ಕೇಸಿನ ಪಿಕಪ್ ಗಾಡಿ ಓಡಿಸುತ್ತಿದ್ದವನು ನಾನು.

ತೊಂಬತ್ತರ ದಶಕದ ಶುರು.
ಹಳ್ಳಿಗಳಲ್ಲಿ ರೇಷ್ಮೆಗೂಡು ತುಂಬಿಕೊಂಡು, ಹರಾಜಿನ ಹೊತ್ತಿಗೆ ಶಿಡ್ಲಘಟ್ಟ ಮಾರ್ಕೆಟ್ ಸೇರಬೇಕು.
ತಡವಾದರೆ ಓನರ್ ತೆಲುಗಿನಲ್ಲಿ ಶುರು. "ಏಮಿರಾ ಸೀನಾ, ಇದಿ ಎದ್ದುಲ ಬಂಡಿನಾ?"
ಎತ್ತಿನ ಗಾಡಿಯಂತೆ!
ಇತ್ತ ಬಾಷಾ ಭಾಯ್ ಆಕ್ಸಿಲರೇಟರ್ ಕೆಳಗೆ ಮರದ ತುಂಡೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಎಷ್ಟು ಒತ್ತಿದರೂ ಅರವತ್ತು ದಾಟದು. ತೆಗೆದರೆ ಗಾಡಿ ಮುಟ್ಟಲ್ಲ ಅಂದಿದ್ದರು.
ಶೆಡ್ಡಿನಲ್ಲಿ "ಸರಿ ಭಾಯ್" ಅಂದ ಓನರ್, ಮಾರ್ಕೆಟ್ಟಿನಲ್ಲಿ ನನ್ನ ಜನ್ಮ ಜಾಲಾಡುತ್ತಿದ್ದರು.
ನಡುವೆ ಸಿಕ್ಕಿ ನಾನು ನುಜ್ಜುಗುಜ್ಜು...

ಭಾಯ್, ನಾನು ಜಗಳಕ್ಕೆ ಬಂದಾಗ ನೀವು ನಕ್ಕಿರಿ.
"ನೋಡಪ್ಪ ಸೀನಾ, ಇಂಜಿನ್ನು ತೊಂಬತ್ತು ಓಡ್ತೀನಿ ಅನ್ನುತ್ತೆ. ಬ್ರೇಕು ಅರವತ್ತಾದ್ರೆ ನಿಲ್ಲಿಸ್ತೀನಿ ಅನ್ನುತ್ತೆ. ನೀನು ಬ್ರೇಕ್ ಮಾತು ಕೇಳು. ಗೂಡಿಗೆ ತೂಕ ಇಲ್ಲ ಅಂತ ಒತ್ತಬೇಡ. ಎತ್ತರ ಹೇರಿರೋ ಲೋಡು, ತಿರುವಲ್ಲಿ ಗಾಡೀನೇ ಎಳ್ಕೊಂಡು ಬೀಳುತ್ತೆ ಕಣೋ."
ರಿಪೇರಿ ಮಾಡೋರಿಗೆ ಯಾಕಪ್ಪಾ ಈ ಉಪದೇಶ ಅಂತ ಉರಿದುಹೋಯಿತು ನನಗೆ.
ಒಂದು ಬೆಳಗ್ಗೆ ಸ್ಪ್ಯಾನರ್ ಹಿಡಿದು ಆ ತುಂಡು ಬಿಚ್ಚಿ ಹೊಲಕ್ಕೆಸೆದೆ.

ಶಿಡ್ಲಘಟ್ಟ ರಸ್ತೆಯ ತಿರುವಿನಲ್ಲಿ ಸ್ಪೀಡಿನ ಮುಳ್ಳು ಎಂಬತ್ತರ ಮೇಲಿತ್ತು.
ಮೊದಲು ಲೋಡು ವಾಲಿತು. ಆಮೇಲೆ ಗಾಡಿ.
ಸ್ಟೇರಿಂಗ್ ಎದೆಗೊತ್ತಿ, ಕಾಲು ಪೆಡಲ್ ಹತ್ತಿರ ಸಿಕ್ಕಿಕೊಂಡು... ಕೂಗಲೂ ಉಸಿರಿಲ್ಲ.
ಸುದ್ದಿ ಕೇಳಿ ಸರಳು ಹಿಡಿದು ಓಡಿಬಂದವರು ನೀವೇ.
ತಲೆ ತೂರಿಸಿ ನನ್ನ ಕಾಲು ಬಿಡಿಸಿದಿರಿ. ಪೆಡಲ್ ಕೆಳಗೆ ನೋಡಿದಿರಿ. ನನ್ನ ಮುಖ ನೋಡಿದಿರಿ.
ಹೊರಗೆಳೆದು ಆಸ್ಪತ್ರೆಗೆ ಕಳಿಸಿದಿರಿ.

ಆಸ್ಪತ್ರೆಯಲ್ಲಿ ಓನರ್ ಕೇಳಿದರು, ಏನಾಯ್ತೋ ಅಂತ. ಮನೆಯಲ್ಲಿ ಹಸುಗೂಸು. ಕೆಲಸ ಹೋದರೆ ಗತಿಯೇನು?
"ಬ್ರೇಕ್ ಹಿಡೀಲಿಲ್ಲ ಸಾರ್..."
ಆ ವಾರವಷ್ಟೇ ಬ್ರೇಕ್ ಕೆಲಸ ಮಾಡಿದ್ದವರು ನೀವು.
ಓನರ್ ತಮ್ಮ ಅಷ್ಟೂ ಗಾಡಿಗಳನ್ನು ಬೇರೆ ಶೆಡ್ಡಿಗೆ ಕಳಿಸಿದರು. ಊರೆಲ್ಲ ಮಾತಾಯಿತು.

ನೀವು ನಿಜ ಹೇಳಬಹುದಿತ್ತಲ್ಲ ಭಾಯ್!
ಸಿಕ್ಕಾಗೆಲ್ಲ "ಕಾಲು ಹೆಂಗಿದೆ ಸೀನಾ? ಚಳಿಗೆ ನೋಯುತ್ತಾ?" ಅಷ್ಟೇ.
ಒಂದು ಸಲ ಬೈದಿದ್ದರೆ ಬಾಯಿ ಬಿಡುತ್ತಿದ್ದೆ. ಬೈಯಲೇ ಇಲ್ಲ ನೀವು...
ಗಾಡಿಯಿಂದ ಎಳೆದು ಹಾಕಿದಿರಿ. ಆ ಸುಳ್ಳಿನೊಳಗೆ ಮಾತ್ರ ಹಾಗೇ ಬಿಟ್ಟಿರಿ. ಇಷ್ಟು ವರ್ಷ ಅಲ್ಲೇ ಇದ್ದೇನೆ.

ಇಮ್ರಾನ್, ನಿಮ್ಮಪ್ಪನ ಬ್ರೇಕು ಸರಿಯಾಗಿತ್ತು ಕಣಪ್ಪ. ತಪ್ಪು ನನ್ನದು.
ಈ ಪೋಸ್ಟ್ ಎಲ್ಲರಿಗೂ ತೋರಿಸು. ಡಿಲೀಟ್ ಮಾಡುವುದಿಲ್ಲ.
ಈಗ ನಿಮ್ಮ ಮನೆ ಕಡೆ ಹೊರಟಿದ್ದೇನೆ. ಒಳಗೆ ಬರಬೇಡ ಅಂದರೆ ಗೇಟಿನ ಹೊರಗೆ ನಿಲ್ಲುತ್ತೇನೆ.

ಹೋಗಿಬನ್ನಿ ಭಾಯ್...
ದೇವರು ನಿಮ್ಮ ಜೀವಕ್ಕೆ ನೆಮ್ಮದಿ ಕೊಡಲಿ.
ನನಗೆ ಕೊಡಲು ಅವನಿಗೆ ಅವಸರ ಬೇಡ.