ಕೇಡು ದೂರವಿರಲಿ

ಈಜಿಪ್ಟಿನ ಮಹಲ್ಲಾ ನಗರದ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಶಾಹಿಂದಾಗೆ ಬಾಲ್ಯದಿಂದಲೂ ವಾಂತಿಯೆಂದರೆ ಜೀವಭಯ. ಈಗ ತಾಯಿಗೆ ಕ್ಯಾನ್ಸರ್. ಔಷಧಿ ಏರಿಸಿದ ದಿನವೆಲ್ಲ ವಾಂತಿ. ಮಗಳು ಆಸ್ಪತ್ರೆಯ ಗೇಟು ದಾಟುತ್ತಿರಲಿಲ್ಲ.

ಮನೋವೈದ್ಯೆ ಮಾಹಿತಾಬ್ ಅವಳ ಭಯವನ್ನು ಹಂತಹಂತವಾಗಿ ಬಿಡಿಸಲು ಹೊರಟಿದ್ದರು. ಮೊದಲು ‘ವಾಂತಿ’ ಎಂಬ ಪದವನ್ನು ದಿನಕ್ಕೆ ಐವತ್ತು ಸಲ ಹೇಳಬೇಕು. ಆಮೇಲೆ ಚಿತ್ರ, ಆಮೇಲೆ ಸದ್ದು, ಕೊನೆಗೆ ತಾಯಿಯ ಮಗ್ಗುಲು. ತಿಂಗಳಾದರೂ ಮೊದಲ ಹಂತದ ನಡುಕವೇ ಇಳಿಯಲಿಲ್ಲ.

“ಹೇಗೆ ಹೇಳ್ತೀಯೋ, ನನ್ನೆದುರಿಗೇ ಹೇಳು,” ಎಂದರು ವೈದ್ಯೆ.

“ವಾಂತಿ, ಕೇಡು ದೂರವಿರಲಿ. ವಾಂತಿ, ಕೇಡು ದೂರವಿರಲಿ.”

“ಅಯ್ಯೋ ಹುಡುಗಿ! ಕರೆದ ತಕ್ಷಣ ಓಡಿಸ್ತಿದ್ದೀಯಲ್ಲ, ಅದು ರೂಢಿಯಾಗೋದು ಹೇಗೆ?”

“ಕೆಟ್ಟದ್ದರ ಹೆಸರೆತ್ತಿ ಸುಮ್ಮನಿರೋಕಾಗತ್ತಾ ಡಾಕ್ಟರಮ್ಮ? ನಮ್ಮ ಬೀದಿ ಹೆಂಗಸರು ನಾಲಿಗೆ ಕೀಳ್ತಾರೆ!”

“ಆ ಮಾತು ಬಿಟ್ಟು ಮೊದಲಿಂದ ಶುರುಮಾಡು.”

“ಎಷ್ಟು ದಿನ ಬೇಕು?”

“ಎರಡು ತಿಂಗಳಾದರೂ ಬೇಕು.”

“ಅಮ್ಮಂಗೆ ಅಷ್ಟು ದಿನ ಇಲ್ಲ ಅಂದಿದ್ದಾರೆ.”



ಮರುದಿನ ಶಾಹಿಂದಾ ಹಲ್ಲು ಕಚ್ಚಿ ವಾರ್ಡಿನ ಬಾಗಿಲವರೆಗೆ ಹೋದಳು. ಮಗಳನ್ನು ಕಂಡ ತಾಯಿ ಬೋಗುಣಿಯನ್ನು ಹೊದಿಕೆಯಡಿ ಮುಚ್ಚಿ, ಉಕ್ಕಿ ಬಂದದ್ದನ್ನು ನುಂಗಿಕೊಂಡು, ಹೋಗೆಂದು ಕೈಸನ್ನೆ ಮಾಡಿದಳು.

ಶಾಹಿಂದಾ ಬಾಗಿಲಿಂದಲೇ ತಿರುಗಿ ಹೊರಟುಹೋದಳು.